ಜಾತ್ರೆಯಲ್ಲಿ ಕೊಂಡ ಹ್ಯಾನ್ಸೆಲ್–ಗ್ರೆಟೆಲ್: ಕಥೆ ಚೆನ್ನ, ಮಾಟಗಾತಿಯ ಮೂಗು ತಪ್ಪು

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಮೊಮ್ಮಗಳಿಗೆ ಈ ಚಿತ್ರಪುಸ್ತಕ ಕೊಡಿಸಿದೆ. ಹ್ಯಾನ್ಸೆಲ್, ಗ್ರೆಟೆಲ್ ಎಂಬ ಅಣ್ಣ–ತಂಗಿ ಕಾಡಿನಲ್ಲಿ ಮಕ್ಕಳನ್ನು ತಿನ್ನುವ ಮಾಟಗಾತಿಯ ಮನೆ ಸೇರುವ ಕಥೆ. ನೂರಿಪ್ಪತ್ತು ರೂಪಾಯಿ. ಅಕ್ಷರ ದಪ್ಪಗಿವೆ, ಕನ್ನಡ ತಿಳಿಯಾಗಿದೆ. ಪಿನ್ನು ಮಾತ್ರ ಸಡಿಲ, ನಡುವಿನ ಹಾಳೆ ಆಗಲೇ ಕೈಗೆ ಬಂದಿದೆ.

ನನ್ನ ತಕರಾರು ಮಾಟಗಾತಿಯ ಚಿತ್ರದ್ದು. ರಟ್ಟಿನ ಮೇಲೆಯೇ ಗಿಳಿಮೂಗು, ಅದರ ಮೇಲೊಂದು ನರೂಲಿ, ಕೋರೆಹಲ್ಲು. ಜರ್ಮನಿಯ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸೋದರರ ಕಥೆಯಲ್ಲಿ ಆಕೆ ಬರುವುದು ಕೋಲೂರಿದ ಮುದುಕಿಯಾಗಿ. ಮಕ್ಕಳ ಕೈ ಹಿಡಿದು ಒಳಗೆ ಕರೆಯುತ್ತಾಳೆ. ಹಾಲು, ಸಕ್ಕರೆ ಹಾಕಿದ ಸಿಹಿ ದೋಸೆ, ಸೇಬು ಕೊಡುತ್ತಾಳೆ. ಬಿಳಿ ಹಾಸಿಗೆ ಹಾಸುತ್ತಾಳೆ. ಹುಡುಗನನ್ನು ಕೂಡಿ ಹಾಕುವುದು ಮರುದಿನ ಬೆಳಗ್ಗೆ. ಹೆದರಬೇಕಾದ್ದು ಆ ಉಪಚಾರಕ್ಕೆ, ಅಲ್ವಾ? ನಮ್ಮ ಹುಡುಗಿ ಚಿತ್ರ ನೋಡಿದವಳೇ, "ಆಯಿ, ಈಕಿ ಕೆಟ್ಟಾಕಿ ಅಂತ ಕಾಣಸ್ತೈತಲ್ಲ, ಮತ್ಯಾಕ ಒಳಗ ಹೋದ್ರು?" ಎಂದಳು. ಉತ್ತರ ಚಿತ್ರ ಬರೆದವರೇ ಕೊಡಬೇಕು.

ಹಿತೋಪದೇಶದ ಮುದಿ ಹುಲಿಯೂ ಹಾಗೇ. ಸ್ನಾನ ಮಾಡಿ, ದರ್ಭೆ ಹಿಡಿದು, ಚಿನ್ನದ ಬಳೆ ದಾನ ಕೊಡ್ತೀನಿ ಅನ್ನುತ್ತದೆ. ಗುರ್ ಅಂದಿದ್ದರೆ ದಾರಿಹೋಕ ಕೆಸರಿಗೆ ಇಳಿದು ಅದರ ಬಾಯಿಗೆ ಬೀಳುತ್ತಿದ್ದನೇ?

ಇನ್ನೊಂದು ಕಡೆ ಕತ್ತರಿ ಆಡಿದೆ. ಮೂಲದಲ್ಲಿ ಬರಗಾಲ, ತಿನ್ನಲು ಇಲ್ಲ, ಹೆತ್ತವರೇ ಮಕ್ಕಳನ್ನು ಕಾಡಿಗೆ ಬಿಟ್ಟು ಬರುತ್ತಾರೆ. 1812ರ ಮೊದಲ ಮುದ್ರಣದಲ್ಲಿ ಮಕ್ಕಳನ್ನು ಬಿಟ್ಟು ಬರೋಣ ಅನ್ನುವಾಕೆ ಸ್ವಂತ ತಾಯಿ. ಮುಂದಿನ ಮುದ್ರಣಗಳಲ್ಲಿ ಗ್ರಿಮ್ ಸೋದರರೇ ಮಲತಾಯಿ ಮಾಡಿದರು. ಈ ಪುಸ್ತಕದಲ್ಲಿ ಅದೂ ಇಲ್ಲ. ಮಕ್ಕಳು ಹಣ್ಣು ಆರಿಸುತ್ತಾ ದಾರಿ ತಪ್ಪುತ್ತಾರೆ. ದೊಡ್ಡವರ ತಪ್ಪು ಮಕ್ಕಳ ತಲೆಗೆ ಬಂತು! ಸೊಸೆ, "ಇಷ್ಟ ಸಾಕ್ರೀ ಅತ್ತಿ, ಇಲ್ಲಾಂದ್ರ ರಾತ್ರಿ ಹೆದರ್ತಾಳ" ಅನ್ನುತ್ತಾಳೆ. ತೀರಾ ಚಿಕ್ಕವರಿಗೆ ಸರಿ. ಒಬ್ಬರೇ ಅಂಗಡಿಗೆ ಹೋಗಿಬರುವ ವಯಸ್ಸಿನವರಿಗೆ ಪೂರ್ತಿ ಕಥೆ ಬೇಕು ಅಂತ ನನ್ನ ಹಟ.

ಪುಣ್ಯಕ್ಕೆ ಒಲೆಯ ಭಾಗ ಉಳಿಸಿದ್ದಾರೆ. ಒಳಗೆ ಹೊಕ್ಕು ನೋಡು ಅಂತ ಮುದುಕಿ ಹೇಳಿದರೆ, ಗ್ರೆಟೆಲ್ ನನಗೆ ಗೊತ್ತಾಗಲ್ಲ, ನೀವೇ ತೋರಿಸಿ ಅನ್ನುತ್ತಾಳೆ. ಮುದುಕಿ ತಲೆ ಹಾಕಿದ ಕೂಡಲೇ ನೂಕಿ ಬಾಗಿಲು ಹಾಕುತ್ತಾಳೆ. ದೊಡ್ಡವರು ಹೇಳಿದ್ದಕ್ಕೆಲ್ಲ ಹೂಂ ಅನ್ನದ ಹುಡುಗಿ. ಈ ಪುಟ ನಮ್ಮಲ್ಲಿ ದಿನಾ ಓದಿಸಿಕೊಳ್ಳುತ್ತಿದೆ. ಹಲ್ಲು ಉಜ್ಜು ಅಂದರೂ "ನನಗ ಬರಂಗಿಲ್ಲ, ನೀನ ತೋರ್ಸು" ಅಂತಾಳೆ, ಅದು ಬೇರೆ ಮಾತು.

ಐದಕ್ಕೆ ಮೂರು ಅಂಕ. ಕೊಳ್ಳುವುದಾದರೆ ಮೊದಲು ಪಿನ್ನಿನ ಜಾಗಕ್ಕೆ ಹೊಲಿಗೆ ಹಾಕಿಸಿ. ಹಾಗೇ ಶಾಲೆ ಪುಸ್ತಕಕ್ಕೆ ಹಾಕುತ್ತೇವಲ್ಲ, ಆ ಖಾಕಿ ಬೈಂಡ್ ಹಾಕಿ ರಟ್ಟು ಮುಚ್ಚಿಬಿಡಿ. ಆಮೇಲೆ ಮಗುವಿನ ಕೈಗೆ ಕೊಡಿ.