ಯಮಹಾ ಎಂಜಿ10ಎಕ್ಸ್‌ಯು ಮಿಕ್ಸರ್: ಸೀಟಿ ತಪ್ಪಿಸೋ ಸ್ವಿಚ್ ಇದರಲ್ಲಿದೆ

ಕಲಬುರಗಿ ಕಡೆ ಭಜನಾ ಮಂಡಳಿಯವರಾಗಲಿ, ತತ್ವಪದ ಹಾಡಿ ಯೂಟ್ಯೂಬಿಗೆ ಹಾಕುವವರಾಗಲಿ, ಮಿಕ್ಸರ್ ಕೊಳ್ಳಲು ಹೋದರೆ ಮೊದಲು ಚಾನೆಲ್ ಎಣಿಸ್ತಾರೆ. ಆಮೇಲೆ ಬ್ಲೂಟೂತ್ ಇದೆಯಾ ಅಂತ ಕೇಳ್ತಾರೆ. ಕಂಪ್ಯೂಟರಿಗೆ ರೆಕಾರ್ಡ್ ಮಾಡುವವರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಕಂಪ್ಯೂಟರಿನಿಂದ ವಾಪಸ್ ಬರುವ ಶಬ್ದ ಮಿಕ್ಸರಿನೊಳಗೆ ಎಲ್ಲಿಗೆ ಹೋಗ್ತದೆ? ಯಮಹಾ ಎಂಜಿ10ಎಕ್ಸ್‌ಯು ಈ ಪರೀಕ್ಷೆಯಲ್ಲಿ ಪಾಸು. ಉಳಿದ ಗುಣಗಳಿಗಿಂತ ಹೆಚ್ಚಾಗಿ ಇದೊಂದಕ್ಕೇ ಇದನ್ನು ಕೊಳ್ಳಬಹುದು.

ಯುಎಸ್‌ಬಿ ಮಿಕ್ಸರಿನಲ್ಲಿ ಒಂದೇ ಕೇಬಲ್ಲಿನಲ್ಲಿ ಶಬ್ದ ಎರಡೂ ಕಡೆ ಓಡಾಡ್ತದೆ. ಮೈಕಿನ ದನಿ ಸ್ಟೀರಿಯೋ ಬಸ್ (ಎಲ್ಲ ಚಾನೆಲ್‌ಗಳ ದನಿ ಒಂದಾಗೋ ದಾರಿ) ಸೇರಿ ಕಂಪ್ಯೂಟರಿಗೆ ಹೋಗ್ತದೆ, ಕಂಪ್ಯೂಟರ್ ನುಡಿಸಿದ್ದು ತಿರುಗಿ ಮಿಕ್ಸರಿಗೆ ಬರ್ತದೆ. ಹಾಗೆ ಬಂದದ್ದು ಮತ್ತೆ ಅದೇ ಸ್ಟೀರಿಯೋ ಬಸ್ಸಿಗೆ ಬಿದ್ದು, ಅತ್ತ ರೆಕಾರ್ಡಿಂಗ್ ಸಾಫ್ಟ್‌ವೇರ್ ಕೂಡ ಒಳಗೆ ಬಂದ ದನಿಯನ್ನು ಆಗಿಂದಾಗಲೇ ಹೊರಗೆ ಕಳಿಸ್ತಿದ್ದರೆ ಸುತ್ತು ಪೂರ್ತಿಯಾಯಿತು. ಸುತ್ತು ಸುತ್ತಿಗೂ ಮಟ್ಟ ಏರಿ ಸೀಟಿ ಹೊಡೀತದೆ. ಈ ಸೀಟಿಗೆ ಸ್ಪೀಕರೇ ಬೇಡ, ಹೆಡ್‌ಫೋನ್ ಹಾಕಿಕೊಂಡವರ ಕಿವಿಗೇ ನೇರ ಬಡೀತದೆ. ಸ್ಪೀಕರ್ ಬಂದ್ ಮಾಡಿದರೂ ಸೀಟಿ ನಿಲ್ಲದಿದ್ದರೆ ಕಾರಣ ಇದೇ ಅಂತ ತಿಳೀರಿ.

ಮಟ್ಟ ಕಡಿಮೆ ಇದ್ದಾಗ ಸೀಟಿ ಬರೋದಿಲ್ಲ, ಆದರೆ ದನಿ ಕೊಡದೊಳಗಿಂದ ಬಂದಂಗೆ ಟೊಳ್ಳಾಗ್ತದೆ. ಒಂದೇ ಹಾಡು ಸ್ವಲ್ಪ ತಡವಾಗಿ ಎರಡನೇ ಸಲ ಬೆರೆಯೋದರಿಂದ ಹಾಗಾಗ್ತದೆ. ಕಂಪ್ಯೂಟರ್ ಶಬ್ದವನ್ನು ತುಂಡು ತುಂಡಾಗಿ ಕೂಡಿಟ್ಟು ಕಳಿಸ್ತದೆ, ಆ ತುಂಡಿಗೆ ಬಫರ್ ಅಂತಾರೆ. 48 ಕಿಲೋಹರ್ಟ್ಸಿನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) 256 ಸ್ಯಾಂಪಲ್ ಬಫರ್ ಇಟ್ಟರೆ ಒಂದು ಕಡೆಗೇ ಸುಮಾರು 5.3 ಮಿಲಿಸೆಕೆಂಡ್ ತಡ. ಹೋಗಿ ಬರುವಷ್ಟರಲ್ಲಿ ಅದು ಇಮ್ಮಡಿಗಿಂತ ಹೆಚ್ಚಾಗ್ತದೆ. ಬಹಳ ಮಂದಿ ಇದನ್ನು ಮೈಕಿನ ದೋಷ ಅಂದ್ಕೊಂಡು ಮೈಕ್ ಬದಲಾಯಿಸ್ತಾರೆ.

ಎಂಜಿ10ಎಕ್ಸ್‌ಯುನಲ್ಲಿ ಕಂಪ್ಯೂಟರಿನ ಶಬ್ದ ಬರೋದು 9/10ನೇ ಚಾನೆಲ್ಲಿಗೆ. ಅಲ್ಲಿ ಎರಡು ಸ್ವಿಚ್ ಇವೆ. ಒಂದು ಲೈನ್ ಬೇಕೋ ಯುಎಸ್‌ಬಿ ಬೇಕೋ ಅಂತ ಆರಿಸೋದು. ಇನ್ನೊಂದರ ಪಕ್ಕ ‘ಟು ಮಾನ್’, ‘ಟು ಎಸ್‌ಟಿ’ ಅಂತ ಬರೆದಿರ್ತದೆ. ‘ಟು ಎಸ್‌ಟಿ’ಗೆ ಇಟ್ಟರೆ ಕಂಪ್ಯೂಟರಿನ ಶಬ್ದ ಸ್ಟೀರಿಯೋ ಬಸ್ಸಿಗೆ ಬಿದ್ದು ತಿರುಗಿ ರೆಕಾರ್ಡಿಂಗಿಗೆ ಹೋಗ್ತದೆ. ‘ಟು ಮಾನ್’ಗೆ ಇಟ್ಟರೆ ಹೆಡ್‌ಫೋನ್ ಮತ್ತು ಮಾನಿಟರ್ ಔಟಿಗೆ (ಹಾಡುವವರು ತಾವು ಕೇಳಿಕೊಳ್ಳೋ ಸ್ಪೀಕರಿನ ತೂತು) ಮಾತ್ರ. ಟ್ರ್ಯಾಕ್ ಕೇಳ್ತಾ ಹಾಡುವಾಗ ಯಾವತ್ತೂ ‘ಟು ಮಾನ್’. ಆನ್‌ಲೈನ್ ಕರೆಯಲ್ಲೂ ಅಷ್ಟೇ, ಇಲ್ಲದಿದ್ದರೆ ಆ ಕಡೆಯವರಿಗೆ ಅವರ ಮಾತೇ ತಿರುಗಿ ಕೇಳಿಸ್ತದೆ. ಸಭೆಯಲ್ಲಿ ಲ್ಯಾಪ್‌ಟಾಪಿನ ಹಾಡನ್ನು ಸ್ಟೀರಿಯೋ ಔಟಿನ ಸ್ಪೀಕರಿಗೆ ಹಾಕಬೇಕಾದಾಗ ಮಾತ್ರ ‘ಟು ಎಸ್‌ಟಿ’, ಆಗ ರೆಕಾರ್ಡಿಂಗ್ ಸಾಫ್ಟ್‌ವೇರ್ ಮುಚ್ಚಿರಲಿ.

ಸ್ವಿಚ್ ಸರಿ ಇಟ್ಟ ಮೇಲೂ ಸಾಫ್ಟ್‌ವೇರ್ ಕಡೆ ನೋಡಲೇಬೇಕು. ಹಾಡುವವರಿಗೆ ತಮ್ಮ ದನಿ ಮಿಕ್ಸರಿನಿಂದಲೇ ತಡವಿಲ್ಲದೆ ಕೇಳಿಸ್ತದೆ, ಕಂಪ್ಯೂಟರಿನಿಂದ ಎರಡನೇ ಪ್ರತಿ ಬೇಕಾಗಿಲ್ಲ. ರೆಕಾರ್ಡಿಂಗ್ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಒಳಗೆ ಬಂದ ದನಿಯನ್ನು ಆಗಲೇ ಹೊರಗೆ ನುಡಿಸೋ ಆಯ್ಕೆ (‘ಸಾಫ್ಟ್‌ವೇರ್ ಪ್ಲೇಥ್ರೂ’) ಬಂದ್ ಮಾಡ್ರಿ. ಕ್ಯೂಬೇಸಿನಲ್ಲಿ ಟ್ರ್ಯಾಕಿನ ಮಾನಿಟರ್ ಬಟನ್ ಆನ್ ಇರಬಾರದು. ನೇರಪ್ರಸಾರಕ್ಕೆ ಬಳಸೋ ಒಬಿಎಸ್‌ನಲ್ಲಿ ಮೈಕಿನ ಆಡಿಯೋ ಮಾನಿಟರಿಂಗ್ ‘ಆಫ್’ ಇರಲಿ. ಕೊನೆಗೆ, ಯಾರ ಕಣ್ಣಿಗೂ ಬೀಳದ ಒಂದು ಜಾಗ: ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ರೆಕಾರ್ಡಿಂಗ್ ಸಾಧನದ ಪ್ರಾಪರ್ಟೀಸ್ ತೆರೆದು ‘ಲಿಸನ್’ ಟ್ಯಾಬಿನಲ್ಲಿ ‘ಲಿಸನ್ ಟು ದಿಸ್ ಡಿವೈಸ್’ ಎದುರು ಟಿಕ್ ಇದ್ದರೆ ತೆಗೀರಿ. ವಿಂಡೋಸಿನಲ್ಲಿ ಎಎಸ್‌ಐಒ (ತಡ ಕಡಿಮೆ ಮಾಡೋ ಆಡಿಯೋ ದಾರಿ) ಬೇಕಾದವರು ಯಮಹಾ ಸ್ಟೈನ್‌ಬರ್ಗ್ ಯುಎಸ್‌ಬಿ ಡ್ರೈವರ್ ಹಾಕಿಕೊಳ್ಳಬೇಕು, ಮ್ಯಾಕಿಗೆ ಅದರ ಅಗತ್ಯ ಇಲ್ಲ.

ಬೇರೆ ಯಾವುದೇ ಮಿಕ್ಸರ್ ಕೊಳ್ಳುವವರೂ ಅಂಗಡಿಯಲ್ಲೇ ಹೀಗೆ ಪರೀಕ್ಷೆ ಮಾಡಬಹುದು. ಲ್ಯಾಪ್‌ಟಾಪ್, ಇಯರ್‌ಫೋನ್ ಒಯ್ಯಿರಿ. ಮಿಕ್ಸರಿನ ಎಲ್ಲ ಮೈಕ್ ಗೇನ್ (ಮೈಕಿನ ದನಿ ಏರಿಸೋ ಗುಂಡಿ) ಪೂರ್ತಿ ಇಳಿಸಿ, ಯುಎಸ್‌ಬಿ ಜೋಡಿಸಿ, ಲ್ಯಾಪ್‌ಟಾಪಿನಲ್ಲಿ ಒಂದು ಹಾಡು ಹಚ್ಚಿ, ಅದೇ ಹೊತ್ತಿಗೆ ಆಡಾಸಿಟಿಯಲ್ಲಿ ಮಿಕ್ಸರಿನ ಇನ್‌ಪುಟ್ ರೆಕಾರ್ಡ್ ಮಾಡ್ರಿ. ಹಾಡು ಮಿಕ್ಸರಿಗೆ ಹಚ್ಚಿದ ಇಯರ್‌ಫೋನಿನಲ್ಲಿ ಕೇಳಬೇಕು, ರೆಕಾರ್ಡಿಂಗಿನಲ್ಲಿ ಗೆರೆ ಸಪಾಟಾಗಿರಬೇಕು. ಗೆರೆಯಲ್ಲೂ ಹಾಡು ಮೂಡಿದರೆ, ಅದನ್ನು ತಪ್ಪಿಸೋ ಸ್ವಿಚ್ ತೋರಿಸ್ರಿ ಅಂತ ಕೇಳ್ರಿ. ಇಲ್ಲ ಅಂದರೆ ಆ ಪೆಟ್ಟಿಗೆ ಸಭೆಗೆ ಸರಿ, ರೆಕಾರ್ಡಿಂಗಿಗೆ ಅಲ್ಲ.

ಅಂಥದ್ದನ್ನು ಈಗಾಗಲೇ ಕೊಂಡವರಿಗೂ ದಾರಿ ಇದೆ. ರೆಕಾರ್ಡಿಂಗನ್ನು ಮೇನ್ ಔಟ್ ಬಿಟ್ಟು ಆಕ್ಸ್ ಸೆಂಡಿನಿಂದ (ಪ್ರತಿ ಚಾನೆಲ್ಲಿನ ಮಟ್ಟ ಬೇರೆಯಾಗಿ ಇಟ್ಟು ಕಳಿಸೋ ಇನ್ನೊಂದು ಔಟ್) ತೆಗೀರಿ. ಮೈಕ್ ಚಾನೆಲ್‌ಗಳ ಆಕ್ಸ್ ಏರಿಸಿ, ಕಂಪ್ಯೂಟರಿನ ಶಬ್ದ ಬರುವ ಚಾನೆಲ್ಲಿನ ಆಕ್ಸ್ ಸೊನ್ನೆಗೆ ಇಡ್ರಿ. ಆಕ್ಸ್ ಒಂದೇ ಇದ್ದರೆ ರೆಕಾರ್ಡಿಂಗ್ ಮೋನೋ ಆಗ್ತದೆ, ಒಂದು ದನಿ, ಒಂದು ಹಾರ್ಮೋನಿಯಮ್ಮಿಗೆ ಅದು ಕೊರತೆಯೇನಲ್ಲ. ಆಕ್ಸಿನಿಂದ ಬರುವ ಕೇಬಲ್ ಲ್ಯಾಪ್‌ಟಾಪಿನ ಹೆಡ್‌ಸೆಟ್ ತೂತಿಗೆ ಚುಚ್ಚಬೇಡ್ರಿ. ಅದು ಮೈಕ್ ಮಟ್ಟದ ಇನ್‌ಪುಟ್, ಅದಕ್ಕಿಂತ ಜೋರಾದ ಲೈನ್ ಮಟ್ಟ ಬಂದರೆ ದನಿ ಒಡೆದು ಹೋಗ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು.

ಸ್ಪೀಕರಿನಿಂದ ಮೈಕಿಗೆ ಗಾಳಿಯಲ್ಲಿ ಬರುವ ಸೀಟಿಗೆ ಮಾತ್ರ ಈ ಯಾವ ಸ್ವಿಚ್ಚೂ ಮದ್ದಲ್ಲ. ನಮ್ಮ ಕಡೆ ಇದು ಜಾಸ್ತಿ, ಯಾಕಂದರೆ ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆ ಬೋಳು. ಮಠದ ಹಾಲಿನಲ್ಲಿ ಚಪ್ಪಾಳೆ ತಟ್ಟಿದರೆ ದನಿ ಗೋಡೆಯಿಂದ ಗೋಡೆಗೆ ಪುಟಿಯೋದು ಕೇಳಿಸ್ತದೆ. ಜಮಖಾನೆ ಹಾಸಿ, ಹಾಡುವವರ ಬೆನ್ನ ಹಿಂದೆ ಎರಡು ದಪ್ಪ ಕೌದಿ ಇಳಿಬಿಡ್ರಿ. ಸ್ಪೀಕರ್ ಮೈಕಿಗಿಂತ ಮುಂದೆ, ಕೇಳುವವರ ಕಡೆ ಮುಖ ಮಾಡಿರಲಿ. ಶೂರ್ ಕಂಪನಿಯ ಎಸ್‌ಎಂ58ರಂಥ ಕಾರ್ಡಿಯಾಯ್ಡ್ (ಮುಂದಿನ ಶಬ್ದವನ್ನೇ ಹೆಚ್ಚು ಹಿಡಿಯೋ) ಮೈಕ್ ಸರಿಯಾಗಿ ಹಿಂದಿನಿಂದ ಬಂದ ಶಬ್ದವನ್ನು ಕಡಿಮೆ ಹಿಡೀತದೆ, ಹಾಡುವವರ ಮಾನಿಟರ್ ಇಡಬೇಕಾದ ಜಾಗ ಅದೇ. ಕವ್ವಾಲಿಯಲ್ಲೂ ಭಜನೆಯಲ್ಲೂ ಉತ್ಸಾಹ ಬಂದಾಗ ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯೋದುಂಟು. ಹಿಂದಿನ ಕಿಂಡಿಗಳು ಮುಚ್ಚಿ ಮೈಕ್ ಎಲ್ಲ ದಿಕ್ಕಿನಿಂದಲೂ ಶಬ್ದ ಹಿಡಿಯೋಕೆ ಶುರುಮಾಡ್ತದೆ, ಸೀಟಿ ಗ್ಯಾರಂಟಿ. ತೆರೆದ ಮೈಕ್ ಇಮ್ಮಡಿಯಾದಂತೆಲ್ಲ ಸೀಟಿಗೆ ಮುಂಚೆ ಸಿಗುವ ಮಟ್ಟ 3 ಡೆಸಿಬೆಲ್ ಕಡಿಮೆಯಾಗ್ತದೆ. ಹಾಡದವರ ಮೈಕ್ ಇಳಿಸಿಡ್ರಿ.

ಇಲ್ಲೇ ಈ ಮಿಕ್ಸರಿನ ದೊಡ್ಡ ಕೊರತೆ ಕಾಣೋದು: ಚಾನೆಲ್ಲಿಗೊಂದು ಮ್ಯೂಟ್ ಬಟನ್ ಇಲ್ಲ. ಗುಂಡಿ ತಿರುಗಿಸಿಯೇ ಇಳಿಸಬೇಕು, ಮತ್ತೆ ಅದೇ ಜಾಗಕ್ಕೆ ತರಬೇಕು. ಫೇಡರ್ (ಮೇಲೆ ಕೆಳಗೆ ಜಾರಿಸೋ ಗುಂಡಿ) ಬೇಕಾದವರಿಗೆ ಎಂಜಿ10ಎಕ್ಸ್‌ಯುಎಫ್ ಇದೆ. ಇನ್ನೊಂದು ಕೊರತೆ, ಕಂಪ್ಯೂಟರಿಗೆ ಹೋಗೋದು ಎರಡೇ ಟ್ರ್ಯಾಕ್. ತಬಲಾ ಜೋರಾಯ್ತು ಅಂತ ಆಮೇಲೆ ಇಳಿಸಲು ಬರೋದಿಲ್ಲ. ಒಂದು ಉಪಾಯ, ದನಿಯನ್ನು ಪೂರ್ತಿ ಎಡಕ್ಕೆ, ವಾದ್ಯಗಳನ್ನು ಪೂರ್ತಿ ಬಲಕ್ಕೆ ಪ್ಯಾನ್ ಮಾಡಿ ಎರಡು ಮೋನೋ ಟ್ರ್ಯಾಕ್ ಆಗಿ ಹಿಡಿಯೋದು. ಎಫೆಕ್ಟ್ಸ್ 24 ಇವೆ, ರೆಕಾರ್ಡ್ ಮಾಡುವಾಗ ಒಂದೂ ಬೇಡ, ಒಮ್ಮೆ ಬೆರೆತ ರಿವರ್ಬ್ (ಪ್ರತಿಧ್ವನಿಯಂಥ ಗುಂಗು) ತೆಗೆಯಲಾಗದು. ಮೈಕಿನ ದನಿಯನ್ನು ಮೊದಲು ಏರಿಸೋ ಪ್ರೀಆಂಪ್ ಮಾತ್ರ ಚೊಕ್ಕ. 80 ಹರ್ಟ್ಸಿಗಿಂತ ಕೆಳಗಿನ ಶಬ್ದ ಕಡಿಮೆ ಮಾಡೋ ಹೈಪಾಸ್ ಒತ್ತಿದರೆ ಫ್ಯಾನಿನ ಗುಂಯ್‌ಗುಡುವಿಕೆ ಬಹಳಷ್ಟು ಇಳೀತದೆ. ಹಾಡಿನ ಅತಿ ಜೋರಿನ ಸಾಲಿಗೆ ಪೀಕ್ ದೀಪ ಹತ್ತದಂತೆ ಗೇನ್ ಇಟ್ಟು, ಕಂಪ್ಯೂಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಶಿಖರ ಬಂದರೆ ಸಾಕು.

ಕರೆಂಟಿನ ಮಾತೂ ಇದೆ. ಇದು ಯುಎಸ್‌ಬಿ ಕರೆಂಟಿನಲ್ಲಿ ನಡೆಯೋದಿಲ್ಲ, ಪಿಎ-10 ಅನ್ನೋ ಅದರದೇ ಅಡಾಪ್ಟರ್ ಬೇಕು. ಸಿಕ್ಕ ಅಡಾಪ್ಟರ್ ಇದಕ್ಕೆ ಹೊಂದೋದಿಲ್ಲ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೀತಿದ್ದರೂ ಮಿಕ್ಸರ್ ಆರಿ ರೆಕಾರ್ಡಿಂಗ್ ಅಲ್ಲೇ ಕಡೀತದೆ, ಹಾಗಾಗಿ ಯುಪಿಎಸ್‌ಗೆ ಮೊದಲು ಜೋಡಿಸಬೇಕಾದ್ದು ಮಿಕ್ಸರನ್ನೇ. ಗುಂಯ್ ಅನ್ನೋ 50 ಹರ್ಟ್ಸಿನ ಶಬ್ದ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡ್ರಿ. ನಿಂತರೆ ಅದು ಅರ್ಥಿಂಗಿನ ತೊಂದರೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿರಿ, ಅರ್ಥ್ ಪಿನ್ ಮಾತ್ರ ಮುರಿಯಬೇಡ್ರಿ. ಹಚ್ಚುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆರಿಸುವಾಗ ತಿರುವುಮುರುವು.