ಹಳೆಯ ಮನಿ ಫೈಲು ತೆರೆಯಲು ನಾಲ್ಕು ದಾರಿ, ಅದರಲ್ಲಿ ನನಗೆ ಹಿಡಿಸಿದ್ದು ಗ್ನೂಕ್ಯಾಶ್

ಮನೆಲೆಕ್ಕ ಬರೆಯುವ ಹಳೆಯ ತಂತ್ರಾಂಶ ಮೈಕ್ರೋಸಾಫ್ಟ್ ಮನಿಯ ಎಂಎನ್‌ವೈ ಫೈಲು ಎಲ್ಲೋ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಬಿದ್ದಿದ್ದರೆ ಅದನ್ನು ಸನ್‌ಸೆಟ್ ಆವೃತ್ತಿಯಲ್ಲಿ ಒಂದು ಸಲ ತೆರೆದು, ಲೆಕ್ಕವನ್ನೆಲ್ಲ ಗ್ನೂಕ್ಯಾಶ್ ಎಂಬ ಉಚಿತ ಲೆಕ್ಕದ ತಂತ್ರಾಂಶಕ್ಕೆ ಸಾಗಿಸಿಬಿಡಿ. ದುಡ್ಡು ಕೊಟ್ಟು ಕನ್ವರ್ಟರ್ ಕೊಳ್ಳಬೇಡಿ. ಕೊಂಡು ನೋಡಿದ ಮೇಲೆಯೇ ಈ ಮಾತು.

ನಾಲ್ಕೂ ದಾರಿಗೆ ಒಂದೇ ಫೈಲು ಹಾಕಿದ್ದು: ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರ ಮನೆಯ ಲೆಕ್ಕ, 2003ರಿಂದ 2010ರವರೆಗೆ, ಒಟ್ಟು 11 ಖಾತೆ. ಗೂಡು ಮಾರಿದ ಹಣ, ಡೇರಿಯ ಬಟವಾಡೆ, ಎರಡು ಎಫ್‌ಡಿ, ಒಂದು ಬೆಳೆ ಸಾಲ. ಹೆಸರುಗಳಲ್ಲಿ ಅರ್ಧ ಇಂಗ್ಲಿಷ್, ಅರ್ಧ ನುಡಿ ಫಾಂಟಿನಲ್ಲಿ ಬರೆದ ಕನ್ನಡ. ಈ ಎರಡನೆಯ ಅರ್ಧವೇ ಆಮೇಲೆ ಕೈ ಕಚ್ಚುವುದು.

ಮೊದಲು ಸನ್‌ಸೆಟ್. ಮನಿ ಮಾರಾಟ 2009ರಲ್ಲಿ ನಿಂತಿತು. ಆಮೇಲೆ 2010ರಲ್ಲಿ ಮೈಕ್ರೋಸಾಫ್ಟೇ ಮನಿ ಪ್ಲಸ್ ಸನ್‌ಸೆಟ್ ಎಂಬ ಆವೃತ್ತಿಯನ್ನು ಉಚಿತವಾಗಿ ಬಿಟ್ಟಿತು. ಆಕ್ಟಿವೇಶನ್ ಬೇಡ, ಕೀ ಬೇಡ. ವಿಂಡೋಸ್ 10, 11ರಲ್ಲೂ ಓಡುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ ಮಾತ್ರ "ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬೇಕು" ಎಂದು ಹೇಳಿ ಬಾಗಿಲಲ್ಲೇ ನಿಲ್ಲಿಸುತ್ತದೆ. ಆಗ ರಿಜಿಸ್ಟ್ರಿ ಎಡಿಟರಿನಲ್ಲಿ ಎಚ್‌ಕೆಎಲ್‌ಎಂ, ಸಾಫ್ಟ್‌ವೇರ್, ವಾವ್6432ನೋಡ್, ಮೈಕ್ರೋಸಾಫ್ಟ್, ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಜಾಗಕ್ಕೆ ಹೋಗಿ, 'ವರ್ಶನ್' ಎಂಬ ಸ್ಟ್ರಿಂಗ್ ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ, ಅದಕ್ಕೆ 9.11ರಿಂದ ಶುರುವಾಗುವ ಮೌಲ್ಯ (ವ್ಯಾಲ್ಯೂ) ಕೊಟ್ಟರೆ ಸುಮ್ಮನಾಗುತ್ತದೆ.

ಫೈಲನ್ನು ಸನ್‌ಸೆಟ್‌ನಲ್ಲಿ ತೆರೆದ ಮೇಲೆ ಹಳೆಯ ಮನಿ ಅದನ್ನು ಮತ್ತೆ ಓದುವುದಿಲ್ಲ. ಹಾಗಾಗಿ ಮೂಲ ಫೈಲನ್ನು ಬೇರೆ ಪೆನ್‌ಡ್ರೈವಿಗೆ ಹಾಕಿ, ನಕಲನ್ನು ಮಾತ್ರ ತೆರೆಯಿರಿ. ಎಂಬಿಎಫ್ ಎಂದಿದ್ದರೆ ಅದು ಬ್ಯಾಕಪ್. ಡಬಲ್ ಕ್ಲಿಕ್ ಮಾಡದೆ ಫೈಲ್ ಮೆನುವಿನ ರಿಸ್ಟೋರ್ ಮೂಲಕ ತೆರೆಯಿರಿ. ಬ್ರಿಟನ್ ಆವೃತ್ತಿಯಲ್ಲಿ ಮಾಡಿದ ಫೈಲಿಗೆ ಈ ಅಮೆರಿಕನ್ ಸನ್‌ಸೆಟ್ ಆಗಿಬರುವುದಿಲ್ಲ.

ಸನ್‌ಸೆಟ್‌ನಲ್ಲೇ ಮುಂದುವರಿಯಬಹುದಲ್ಲ ಎಂದರೆ, ಬರೀ ನೋಡುವುದಕ್ಕೆ ಸಾಕು. ಆದರೆ 2010ರ ಮೇಲೆ ಯಾರೂ ಮುಟ್ಟದ ತಂತ್ರಾಂಶ ಅದು. ಮುಂದಿನ ವಿಂಡೋಸಿನಲ್ಲಿ ಓಡದಿದ್ದರೆ ಲೆಕ್ಕ ಮತ್ತೆ ಪೆಟ್ಟಿಗೆಯೊಳಗೇ. ಗ್ನೂಕ್ಯಾಶ್ ಫೈಲು ಹಾಗಲ್ಲ, ಒಳಗಿರುವುದು ಜಿಜಿಪ್ ಮಾಡಿದ ಎಕ್ಸ್‌ಎಂಎಲ್. 7-ಜಿಪ್‌ನಲ್ಲಿ ಬಿಚ್ಚಿದರೆ ನೋಟ್‌ಪ್ಯಾಡಿನಲ್ಲೇ ಓದಬಹುದು. ನನ್ನ ಆಯ್ಕೆಗೆ ಇದೊಂದೇ ಕಾರಣ ಸಾಕು.

ಎರಡನೆಯ ದಾರಿ ಈ ಗ್ನೂಕ್ಯಾಶ್. ಅದಕ್ಕೆ ಎಂಎನ್‌ವೈ ನೇರವಾಗಿ ಗೊತ್ತಿಲ್ಲ, ನಡುವೆ ಕ್ಯೂಐಎಫ್ (ಲೆಕ್ಕದ ತಂತ್ರಾಂಶಗಳ ನಡುವೆ ವಹಿವಾಟು ಸಾಗಿಸುವ ಫೈಲು) ಬೇಕು. ಸನ್‌ಸೆಟ್‌ನಲ್ಲಿ ಫೈಲ್, ಎಕ್ಸ್‌ಪೋರ್ಟ್, ಸ್ಟ್ರಿಕ್ಟ್ ಕ್ಯೂಐಎಫ್. ಒಂದು ಸಲಕ್ಕೆ ಒಂದೇ ಖಾತೆ. 11 ಖಾತೆಗೆ 11 ಸಲ. ಮುಚ್ಚಿದ ಖಾತೆಗಳನ್ನೂ ಬಿಡಬೇಡಿ. ಫೈಲಿನ ಹೆಸರನ್ನು ಖಾತೆಯ ಹೆಸರೇ ಇಡಿ, ಆಮೇಲೆ ಗ್ನೂಕ್ಯಾಶ್ ಖಾತೆಯ ಹೆಸರು ಕೇಳಿದಾಗ ತಡಕಾಡಬೇಕಿಲ್ಲ.

ಇನ್ನು ದಿನಾಂಕ. ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಇದೇ. ಕ್ಯೂಐಎಫ್ ಬರೀ ಪಠ್ಯ: ಡಿ ಎಂದು ಶುರುವಾಗುವ ಸಾಲು ದಿನಾಂಕ, ಟಿ ಮೊತ್ತ, ಪಿ ಹೆಸರು, ಎಲ್ ವರ್ಗ, ಎಂ ಟಿಪ್ಪಣಿ, ಕೊನೆಗೆ ^ ಚಿಹ್ನೆ. ದಿನ ಮೊದಲೋ ತಿಂಗಳು ಮೊದಲೋ ಎಂದು ಹೇಳುವ ಸಾಲು ಫೈಲಿನಲ್ಲಿ ಎಲ್ಲೂ ಇಲ್ಲ. ಉಳಿತಾಯ ಖಾತೆಯಲ್ಲಿ ತೊಂದರೆ ಬರುವುದಿಲ್ಲ. 25/06 ಎಂಬುದು ಒಂದು ಕಡೆ ಕಂಡರೂ ಸಾಕು, 25ನೇ ತಿಂಗಳು ಇಲ್ಲವಾದ್ದರಿಂದ ಗ್ನೂಕ್ಯಾಶ್ ತಾನೇ ಕ್ರಮ ತಿಳಿದುಕೊಳ್ಳುತ್ತದೆ.

ಎಫ್‌ಡಿ ಖಾತೆಯನ್ನು ನೋಡಿ. ಮೂರು ತಿಂಗಳಿಗೊಮ್ಮೆ ಬಡ್ಡಿ: 01/04, 01/07, 01/10, 01/01. ಇಡೀ ಫೈಲಿನಲ್ಲಿ 12 ದಾಟಿದ ಸಂಖ್ಯೆಯೇ ಇಲ್ಲ, ಎರಡು ರೀತಿಯಲ್ಲಿ ಓದಿದರೂ ಸರಿಯೇ. ಆಗ ಗ್ನೂಕ್ಯಾಶ್ ನಿಮ್ಮನ್ನು ಕೇಳುತ್ತದೆ. ತಿಂಗಳು ಮೊದಲು ಎಂದು ಒತ್ತಿಬಿಟ್ಟರೆ ಏಪ್ರಿಲ್ 1ರ ಬಡ್ಡಿ ಜನವರಿ 4ಕ್ಕೆ, ಜುಲೈ 1ರದ್ದು ಜನವರಿ 7ಕ್ಕೆ, ಅಕ್ಟೋಬರ್ 1ರದ್ದು ಜನವರಿ 10ಕ್ಕೆ ಹೋಗಿ ಕೂರುತ್ತದೆ. ವರ್ಷದ ಬಡ್ಡಿಯೆಲ್ಲ ಜನವರಿಯ ಮೊದಲ ಹತ್ತೇ ದಿನದಲ್ಲಿ! ಅಷ್ಟೇ ಅಲ್ಲ, ಏಪ್ರಿಲ್‌ನ ಬಡ್ಡಿ ಹಿಂದಿನ ಹಣಕಾಸು ವರ್ಷಕ್ಕೆ ಸೇರಿಬಿಡುತ್ತದೆ.

ಇನ್ನೊಂದು ಪೆಟ್ಟು ಇದರ ಬೆನ್ನಿಗೇ ಇದೆ. ಎಫ್‌ಡಿಯಿಂದ ಉಳಿತಾಯಕ್ಕೆ ಹೋದ ಹಣ ಎರಡೂ ಕ್ಯೂಐಎಫ್‌ಗಳಲ್ಲಿ ಒಂದೊಂದು ಸಲ ಬರೆದಿರುತ್ತದೆ, ಎಲ್ ಸಾಲಿನಲ್ಲಿ ಆಚೆ ಖಾತೆಯ ಹೆಸರು ಚೌಕ ಆವರಣದೊಳಗೆ. ಎಲ್ಲ ಫೈಲುಗಳನ್ನೂ ಒಟ್ಟಿಗೆ ಹಾಕಿದರೆ ಗ್ನೂಕ್ಯಾಶ್ ದಿನಾಂಕ, ಮೊತ್ತ ಹೊಂದಿಸಿ ಎರಡನ್ನು ಒಂದು ಮಾಡುತ್ತದೆ. ಒಂದು ಕಡೆ ಏಪ್ರಿಲ್ 1, ಇನ್ನೊಂದು ಕಡೆ ಜನವರಿ 4 ಆದರೆ ಹೊಂದುವುದು ಹೇಗೆ? ಅದೇ ಹಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಖಾತೆಗಳನ್ನು ಬೇರೆ ಬೇರೆ ದಿನ, ಬೇರೆ ಬೇರೆ ಕಂಪ್ಯೂಟರಿನಲ್ಲಿ ಎಕ್ಸ್‌ಪೋರ್ಟ್ ಮಾಡಿದರಂತೂ ಕ್ರಮ ಫೈಲಿನಿಂದ ಫೈಲಿಗೆ ಬದಲಾಗುವ ಅಪಾಯ ಇದ್ದೇ ಇದೆ.

ಆದ್ದರಿಂದ ಎಕ್ಸ್‌ಪೋರ್ಟಿಗೆ ಮುಂಚೆ ವಿಂಡೋಸಿನ ರೀಜನ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ಇದೆಯೇ ನೋಡಿ, 11 ಖಾತೆಯನ್ನೂ ಒಂದೇ ಕೂರಿಕೆಯಲ್ಲಿ ಮುಗಿಸಿ. ಉಳಿತಾಯ ಖಾತೆಯ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು 12 ದಾಟಿದ ಸಂಖ್ಯೆ ಮೊದಲಿದೆಯೋ ನಡುವೆ ಇದೆಯೋ ನೋಡಿ ಬರೆದಿಟ್ಟುಕೊಳ್ಳಿ. ಎಫ್‌ಡಿ ಫೈಲಿಗೂ ಅದೇ ಉತ್ತರ ಕೊಡಿ.

ಇನ್ನು ನುಡಿ ಅಕ್ಷರ. ಹಳೆಯ ನುಡಿ ಫಾಂಟು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದು. ಫಾಂಟು ಇಲ್ಲದ ಕಡೆ ಕೊಂಬು ಕೊಂಬಿನ ಲ್ಯಾಟಿನ್ ಅಕ್ಷರ ಕಾಣುತ್ತದೆ. ಫೈಲನ್ನು ಹಾಗೇ ಗ್ನೂಕ್ಯಾಶ್‌ಗೆ ಕೊಟ್ಟರೆ ಕೆಲವು ಅಕ್ಷರ ಕೈಬಿಡಲಾಗಿದೆ ಎಂಬ ಎಚ್ಚರಿಕೆ ಬರಬಹುದು, ಬಿಟ್ಟದ್ದು ವಾಪಸು ಬರುವುದಿಲ್ಲ. ಹಾಗಾಗಿ ಮೊದಲು ನೋಟ್‌ಪ್ಯಾಡ್++ನಲ್ಲಿ ತೆರೆದು ಯುಟಿಎಫ್-8ಗೆ ಬದಲಿಸಿ. ಆಮೇಲೆ ನುಡಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕ.

ಇಡೀ ಫೈಲನ್ನು ಮಾತ್ರ ಪರಿವರ್ತಕಕ್ಕೆ ಸುರಿಯಬೇಡಿ. ಸಾಲಿನ ಮೊದಲ ಅಕ್ಷರಗಳೂ ಕನ್ನಡವಾಗಿಬಿಡುತ್ತವೆ: ಡಿ ಹೋಗಿ 'ಆ', ಎಲ್ ಹೋಗಿ 'ಐ', ಎಂ ಹೋಗಿ 'ಒ', ಎನ್ ಹೋಗಿ 'ಓ'. ಆ ಫೈಲು ಯಾವ ತಂತ್ರಾಂಶಕ್ಕೂ ಬೇಡ. ಹೆಸರುಗಳನ್ನು ಮಾತ್ರ ಲಿಬ್ರೆಆಫೀಸ್ ಕ್ಯಾಲ್ಕಿಗೆ ತಂದು, ಪುನರಾವರ್ತನೆ ತೆಗೆದು, ಆ ಪಟ್ಟಿಯನ್ನಷ್ಟೇ ತಿರುಗಿಸಿ, ಹುಡುಕಿ ಬದಲಿಸಿ. ಇದೇ ಹೊತ್ತಿನಲ್ಲಿ ಜೋಡಿ ಹೆಸರುಗಳನ್ನೂ ಒಂದು ಮಾಡಬಹುದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಅದಕ್ಕೆ ಮುಂಚೆ ಕೋಲಾರ ಜಿಲ್ಲೆ ಎಂದು ಬರೆದ ಕಚೇರಿಗಳೆಲ್ಲ ಆಮೇಲೆ ಇನ್ನೊಂದು ಹೆಸರಿನಲ್ಲಿ ಕೂತಿರುತ್ತವೆ.

ಮೂರನೆಯ ದಾರಿ ಸನ್‌ರೈಸ್ ಎಂಬ ಜಾವಾ ಉಪಕರಣ (ಇಂಗ್ಲಿಷಿನಲ್ಲಿ ಐ ಎರಡು ಸಲ ಹಾಕಿ ಹುಡುಕಿ). ಎಂಎನ್‌ವೈ ಒಳಗಿರುವುದು ಮೈಕ್ರೋಸಾಫ್ಟ್ ಆಕ್ಸೆಸ್‌ನ ಜೆಟ್ ಡೇಟಾಬೇಸಿನದೇ ತಮ್ಮ. ಆದ್ದರಿಂದ ಮನಿ ಇಲ್ಲದೆಯೂ ಕೋಷ್ಟಕಗಳನ್ನು ಹೊರತೆಗೆಯಬಹುದು. ಲಿನಕ್ಸ್ ಬಳಸುವವರಿಗೆ, ಎಸ್‌ಕ್ಯೂಎಲ್ (ಡೇಟಾಬೇಸಿಗೆ ಪ್ರಶ್ನೆ ಹಾಕುವ ಭಾಷೆ) ಗೊತ್ತಿರುವವರಿಗೆ ಬಹಳ ಒಳ್ಳೆಯದು. ಆದರೆ ವಹಿವಾಟಿನ ಕೋಷ್ಟಕದಲ್ಲಿ ಸ್ಪ್ಲಿಟ್‌ನ (ಒಂದೇ ವಹಿವಾಟನ್ನು ಹಲವು ವರ್ಗಕ್ಕೆ ಹಂಚಿ ಬರೆದದ್ದು) ತುಂಡುಗಳೂ ವರ್ಗಾವಣೆಯ ಎರಡೂ ತುದಿಗಳೂ ಬೇರೆ ಬೇರೆ ಸಾಲು. ಸುಮ್ಮನೆ ಕೂಡಿದರೆ ಮೊತ್ತ ಉಬ್ಬುತ್ತದೆ. ದಿನಾಂಕ ಖಾಲಿ ಇರುವ ಕಡೆ 10000ನೇ ಇಸವಿಯ ಫೆಬ್ರವರಿ 28 ಎಂದಿರುತ್ತದೆ, ಅದನ್ನು ಕಂಡು ಫೈಲು ಕೆಟ್ಟಿದೆ ಎಂದುಕೊಳ್ಳಬೇಡಿ.

ನಾಲ್ಕನೆಯದು ಕೊಂಡ ಕನ್ವರ್ಟರ್. ಪರೀಕ್ಷಾ ಆವೃತ್ತಿ ಮೊದಲ ಕೆಲವು ವಹಿವಾಟು ತೋರಿಸಿ ಚೆನ್ನಾಗಿಯೇ ಕಂಡಿತು. ಪೂರ್ತಿ ಫೈಲು ಹಾಕಿದಾಗ ಸ್ಪ್ಲಿಟ್ ಎಲ್ಲ ಮಾಯ. ಗೂಡು ಮಾರಿದ ಒಂದೊಂದು ವಹಿವಾಟಿನಲ್ಲೂ ಲಾಟಿನ ಬೆಲೆ, ಮಾರುಕಟ್ಟೆ ಶುಲ್ಕ, ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಬಾಡಿಗೆ, ಕೂಲಿ ಎಂದು ನಾಲ್ಕು ತುಂಡಿತ್ತು. ಬಂದದ್ದು ಉಳಿದ ಹಣ ಒಂದೇ, ಅದೂ ಮೊದಲ ವರ್ಗದ ಹೆಸರಲ್ಲಿ. ಬ್ಯಾಂಕಿನ ಶಿಲ್ಕು ಸರಿಯಾಗಿಯೇ ತಾಳೆಯಾಗುವುದರಿಂದ ಇದು ಬೇಗ ಗೊತ್ತಾಗುವುದಿಲ್ಲ. ಬೆಳೆಗೆ ಎಷ್ಟು ಖರ್ಚಾಯಿತು ಎಂದು ನೋಡಹೊರಟಾಗಲೇ ಖಾಲಿ ಕಾಣುವುದು.

ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರು ಓಡಿಸುವ ವರ್ಚುವಲ್‌ಬಾಕ್ಸಿನಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿ ಹಳೆಯ ಸಿಡಿಯಿಂದಲೇ ಓಡಿಸುವುದು ಸನ್‌ಸೆಟ್ ತೆರೆಯದ ಫೈಲಿಗೆ ಮಾತ್ರ. ನೆಟ್‌ವರ್ಕ್ ಕಿತ್ತಿಡಿ, ಎಕ್ಸ್‌ಪಿಗೆ 2014ರಿಂದ ಭದ್ರತಾ ಅಪ್‌ಡೇಟ್ ಇಲ್ಲ. ಮನಿಯಂಥದ್ದೇ ಇನ್ನೊಂದು ತಂತ್ರಾಂಶ ಕ್ವಿಕನ್‌ನ ಫೈಲಿದ್ದವರು ಕ್ವಿಕನ್‌ನಲ್ಲೇ ತೆರೆದು ಕ್ಯೂಐಎಫ್ ತೆಗೆದರೆ, ಮುಂದಿನದೆಲ್ಲ ಮೇಲಿನಂತೆಯೇ.

ಸಾಗಿಸುವ ಮೊದಲು ಸನ್‌ಸೆಟ್‌ನಲ್ಲಿ ಪ್ರತಿ ಖಾತೆಯ ಪ್ರತಿ ಮಾರ್ಚ್ 31ರ ಶಿಲ್ಕನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಎಂಟು ವರ್ಷ, 11 ಖಾತೆ, 88 ಅಂಕಿ. ಅರ್ಧ ಗಂಟೆಯ ಕೆಲಸ. ಗ್ನೂಕ್ಯಾಶ್‌ಗೆ ಬಂದ ಮೇಲೆ ಒಂದೊಂದನ್ನೂ ತಾಳೆ ನೋಡಿ. ಯಾವ ವರ್ಷದಲ್ಲಿ ವ್ಯತ್ಯಾಸ ಶುರುವಾಗಿದೆಯೋ ಆ ವರ್ಷದ ಎಫ್‌ಡಿಯನ್ನೇ ಮೊದಲು ತೆರೆಯಿರಿ. ದಿನಕ್ಕೆ ನಾಲ್ಕು ಸಾಲು ಬರೆಯುವ, ತಂತ್ರಾಂಶಕ್ಕೆ ಒಂದು ರೂಪಾಯಿಯೂ ಇಡದ, 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪಿರುವ ಮನೆಗೆ ಗ್ನೂಕ್ಯಾಶ್ ಬಿಟ್ಟು ಬೇರೆ ಹೆಸರು ಹೇಳಲಾರೆ. ಎಸ್‌ಕ್ಯೂಎಲ್ ಬರುವ ಮಗನೋ ಮಗಳೋ ಮನೆಯಲ್ಲಿದ್ದರೆ ಸನ್‌ರೈಸ್‌ಗೂ ಒಂದು ಭಾನುವಾರ ಕೊಡಿ.