1,299 ರೂಪಾಯಿಯ ಕ್ಯಾಂಡಲ್ ಕಿಟ್ಟು, ಮತ್ತು ಅಮ್ಮನ ಮೂಗು

ಈ ಸಲ ದೀಪಾವಳಿಗೆ ಮನೆಯವರಿಗೆಲ್ಲ ಕೈಯಾರೆ ಮಾಡಿದ್ದನ್ನೇ ಕೊಡಬೇಕು ಅಂತ ಮಗಳ ಹಟ. ಗೂಡುದೀಪ ಮಾಡೋಣ ಅಂದೆ. ಬಿದಿರು ಸೀಳುವವರು ಯಾರು ಅಂತ ಗಂಡ ಮೊದಲೇ ಜಾರಿಕೊಂಡರು. ಕೊನೆಗೆ ಆನ್‌ಲೈನಿನಲ್ಲಿ ಕ್ಯಾಂಡಲ್ ಮಾಡುವ ಕಿಟ್ ತರಿಸಿದೆ, 1,299 ರೂಪಾಯಿ. ಕಂಪನಿ ಹೆಸರು ಹಾಕುವುದಿಲ್ಲ, ಹಾಕಿ ಪ್ರಯೋಜನವೂ ಇಲ್ಲ, ಯಾಕೆಂದರೆ ಇದೇ ಪೆಟ್ಟಿಗೆ ಇದೇ ಫೋಟೋ ಇಟ್ಟುಕೊಂಡು ಐದಾರು ಹೆಸರಿನಲ್ಲಿ ಸಿಗುತ್ತದೆ. ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಪೆಟ್ಟಿಗೆ ಚೆಂದ ಉಂಟು, ಅದರಲ್ಲಿ ಎರಡು ಮಾತಿಲ್ಲ. ಒಳಗೆ ಅರ್ಧ ಕಿಲೋ ಸೋಯಾ ಮೇಣ (ಅವಲಕ್ಕಿಯ ಹಾಗೆ ಚಕ್ಕೆ ಚಕ್ಕೆ ಇರುತ್ತದೆ), ಮುಚ್ಚಳ ಇರುವ ನಾಲ್ಕು ತಗಡಿನ ಡಬ್ಬ, ಹತ್ತು ಬತ್ತಿ, ಬಣ್ಣದ ಬಿಲ್ಲೆ, ಒಂದು ಸ್ಟೀಲ್ ಜಗ್, ಮಲ್ಲಿಗೆ ಮತ್ತು ವೆನಿಲ್ಲಾ ಅಂತ ಬರೆದ ಪರಿಮಳದ ಎಣ್ಣೆಯ ಎರಡು ಪುಟ್ಟ ಬಾಟಲಿ. ಒಂದು ಕಾರ್ಡು ಕೂಡ ಇತ್ತು. ಅದರಲ್ಲಿ ಬರೆದದ್ದು ಇಷ್ಟೇ: ಮೇಣ ಕರಗಿಸಿ, ಪರಿಮಳ ಸೇರಿಸಿ, ಡಬ್ಬಕ್ಕೆ ಹಾಕಿ, ಮರುದಿನ ಹಚ್ಚಿ. ಎಷ್ಟು ಬಿಸಿ ಆಗಬೇಕು, ಎಷ್ಟು ತಣಿಯಬೇಕು, ಒಂದು ಅಂಕೆಯೂ ಇಲ್ಲ. ಥರ್ಮಾಮೀಟರೂ ಇಲ್ಲ. ಬೆಲ್ಲದ ಪಾಕವನ್ನಾದರೂ ಬೆರಳಲ್ಲಿ ಹಿಡಿದು ಎಳೆ ಬಂತಾ ಅಂತ ನೋಡಬಹುದು, ಮೇಣಕ್ಕೆ ಎಂತ ನೋಡುವುದು?

ಮೊದಲ ಸಲ ಕಾರ್ಡಿನಲ್ಲಿ ಇದ್ದ ಹಾಗೇ ಮಾಡಿದೆವು. ಪಾತ್ರೆಯಲ್ಲಿ ನೀರು ಕುದಿಯಲಿಕ್ಕೆ ಇಟ್ಟು, ಅದರೊಳಗೆ ಜಗ್ ಇಟ್ಟು ಕರಗಿಸಿದ್ದು. ನೇರ ಬೆಂಕಿಯ ಮೇಲೆ ಮಾತ್ರ ಇಡಲೇಬೇಡಿ, ಮೇಣ ಅತಿಯಾಗಿ ಕಾದರೆ ಎಣ್ಣೆಯ ಹಾಗೇ ಹೊತ್ತಿಕೊಳ್ಳುತ್ತದೆ. ಅದಕ್ಕೆ ನೀರು ಹಾಕಿದರೆ ಇನ್ನೂ ದೊಡ್ಡ ಅನಾಹುತ, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಇಷ್ಟು ಮುಖ್ಯ ವಿಷಯ ಕಾರ್ಡಿನಲ್ಲಿ ಇಲ್ಲ. ಆದರೆ ಹಿಂದುಗಡೆ ಅವರ ಇನ್‌ಸ್ಟಾಗ್ರಾಮ್ ಪೇಜನ್ನು ಫಾಲೋ ಮಾಡಿ ಅಂತ ಮೂರು ಕಡೆ ಇದೆ.

ಮರುದಿನ ಮಗಳು ಡಬ್ಬ ತೆಗೆದು ನೋಡಿ, ಅಮ್ಮಾ ಇದಕ್ಕೆ ಬೂಷ್ಟು ಬಂದಿದೆ ಅಂತ ಕೂಗಿದಳು. ಅವಳದ್ದು ತಪ್ಪಿಲ್ಲ, ಮಂಗಳೂರಿನಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಕಪಾಟಿನ ಸೀರೆಗೂ ಬೂಷ್ಟು ಬಂದಿರುತ್ತದೆ. ಇದು ಬೂಷ್ಟಲ್ಲ. ಸೋಯಾ ಮೇಣ ಗಟ್ಟಿಯಾಗುವಾಗ ಹರಳುಗಟ್ಟಿ ಹೀಗೆ ಬೆಳ್ಳಗೆ ಕಲೆ ಕಾಣುತ್ತದೆ, ಬಣ್ಣ ಹಾಕಿದ್ದರಲ್ಲಿ ಜಾಸ್ತಿ. ಉರಿಯುವುದಕ್ಕೆ ತೊಂದರೆ ಏನೂ ಇಲ್ಲ. ಅದಕ್ಕೇ ಹೇಳುತ್ತೇನೆ, ಬಣ್ಣದ ಬಿಲ್ಲೆ ಸುಮ್ನೆ ದಂಡ. ಹಾಕದಿದ್ದರೆ ಮೇಣ ಹಾಲಿನ ಕೆನೆಯ ಹಾಗೆ ತಾನಾಗಿಯೇ ಚೆಂದ ಕಾಣುತ್ತದೆ.

ನಿಜವಾದ ಸಿಟ್ಟು ಬಂದದ್ದು ಹಚ್ಚಿದ ಮೇಲೆ. ಒಂದು ಗಂಟೆ ಉರಿಯಿತು, ಬತ್ತಿಯ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಕರಗಿತು. ಇನ್ನೊಂದು ಗಂಟೆ, ಮತ್ತೊಂದು ಗಂಟೆ, ಅಗಲ ಆಗಲೇ ಇಲ್ಲ. ನಡುವೆ ಬಾವಿ ತೋಡಿದ ಹಾಗೆ ಕೆಳಗೆ ಕೆಳಗೆ ಇಳಿಯಿತು, ಕಡೆಗೆ ಕರಗಿದ ಮೇಣದಲ್ಲೇ ಬತ್ತಿ ಮುಳುಗಿ ಆರಿಹೋಯಿತು. ಸುತ್ತಲಿನ ಮುಕ್ಕಾಲು ಪಾಲು ಮೇಣ ಹಾಗೇ ಉಳಿದಿದೆ. ಪರಿಮಳವೂ ಅಷ್ಟಕ್ಕಷ್ಟೇ, ಮೂಗನ್ನು ಡಬ್ಬದ ಮೇಲೆ ಹಿಡಿದರೆ ಮಾತ್ರ ಉಂಟು ಅಂತ ಗೊತ್ತಾಗುತ್ತದೆ.

ಪರಿಮಳದ ಲೆಕ್ಕ ಆಮೇಲೆ ಗೊತ್ತಾಯಿತು. ಸಾಮಾನ್ಯವಾಗಿ ಮೇಣದ ತೂಕದ 6ರಿಂದ 10 ಶೇಕಡಾ ಎಣ್ಣೆ ಹಾಕಬೇಕು, ಅಂದರೆ ಅರ್ಧ ಕಿಲೋ ಮೇಣಕ್ಕೆ 30ರಿಂದ 50 ಗ್ರಾಂ. ಕಿಟ್ಟಿನಲ್ಲಿ ಇದ್ದದ್ದು 10 ಎಂ.ಎಲ್.ನ ಎರಡು ಬಾಟಲಿ. ಎರಡನ್ನೂ ಪೂರ್ತಿ ಸುರಿದರೂ ಸಾಲದು! ಅವರದೇ ಮೇಣಕ್ಕೆ ಅವರದೇ ಎಣ್ಣೆ ಸಾಲದ ಹಾಗೆ ಪ್ಯಾಕ್ ಮಾಡಿದ್ದಾರೆ ಅಂದರೆ ಮಾಡಿದವರು ಒಂದು ಸಲವಾದರೂ ಹಚ್ಚಿ ನೋಡಿದ್ದಾರಾ ಅಂತ ನನಗೆ ಸಂಶಯ.

ನಡುವೆ ಇನ್ನೊಂದು ಕತೆ, ಇದು ನನ್ನದೇ ತಪ್ಪು. ಜಗ್ ತೊಳೆಯುವಾಗ ಬಿಸಿನೀರು ಹಾಕಿದರೆ ಮೇಣ ಹೋಗುತ್ತದಲ್ಲ ಅಂತ ಸಿಂಕಿಗೆ ಸುರಿದೆ. ಹೋಯಿತು, ಪೈಪಿನೊಳಗೆ ಹೋಗಿ ಅಲ್ಲೇ ಗಟ್ಟಿಯಾಗಿ ಕೂತಿತು. ಪ್ಲಂಬರಿಗೆ 400 ರೂಪಾಯಿ. ಕ್ಯಾಂಡಲಿನ ಅಸಲು ಖರ್ಚಿಗೆ ಇದನ್ನೂ ಸೇರಿಸಿ ಅಂತ ಗಂಡ ಈಗಲೂ ಹೇಳುತ್ತಾರೆ. ಜಗ್ಗನ್ನು ಬಿಸಿ ಇರುವಾಗಲೇ ಹಳೆ ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಬೇಕು, ಅಷ್ಟೇ.

ಬಿಟ್ಟುಬಿಡೋಣ ಅಂತಿದ್ದೆ. ಆದರೆ ಮಗಳು ಆಗಲೇ ಯಾರಿಗೆ ಯಾವುದು ಅಂತ ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದಳು. ಹಾಗಾಗಿ ಶನಿವಾರ ರಥಬೀದಿ ಕಡೆ ಹೋದಾಗ, ಮೇಣ, ಅಚ್ಚು, ಸೋಪಿನ ಸಾಮಾನು ಎಲ್ಲ ಬಿಡಿಯಾಗಿ ಮಾರುವ ಒಂದು ಸಣ್ಣ ಅಂಗಡಿಗೆ ಹೊಕ್ಕೆ. ಬತ್ತಿ ಕೊಡಿ ಅಂದೆ. ಅಂಗಡಿಯವರು ಡಬ್ಬಿ ತೆಗೆಯಲೇ ಇಲ್ಲ, ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಡಬ್ಬದ ಬಾಯಿ ಎಷ್ಟು ಅಗಲ ಉಂಟು ಅಕ್ಕ?"

ನನಗೆ ಗೊತ್ತಿರಲಿಲ್ಲ. ಮನೆಗೆ ಫೋನ್ ಮಾಡಿ ಮಗಳ ಹತ್ತಿರ ಸ್ಕೇಲಿಟ್ಟು ಅಳೆಸಿದೆ, ಆರೂವರೆ ಸೆಂಟಿಮೀಟರ್. "ನೀವು ಹಾಕಿದ ಬತ್ತಿ ತೆಳು ಆಯ್ತು, ಅದು ಸಣ್ಣ ಲೋಟಕ್ಕೆ ಆಗ್ತದೆ, ಇದಕ್ಕೆ ಆಗುದಿಲ್ಲ" ಅಂತ ದಪ್ಪದ್ದು ಕೊಟ್ಟರು. ಒಂದೇ ಸಲಕ್ಕೆ ಇಪ್ಪತ್ತು ತೆಗೆದುಕೊಳ್ಳುತ್ತೇನೆ ಅಂದರೆ, ಬೇಡ, ಈಗ ಹತ್ತು ಸಾಕು, ಮೊದಲು ಎರಡು ಹಚ್ಚಿ ನೋಡಿ ಬನ್ನಿ ಅಂದರು! ಹೀಗೆ ಹೇಳುವ ಅಂಗಡಿಯವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಮಾರಾಯ್ರೆ.

ಇಡೀ ಕೆಲಸದಲ್ಲಿ ಬತ್ತಿಯೇ ಮುಖ್ಯ ಅಂತ ನನಗೆ ತಲೆಗೆ ಹೋದದ್ದು ಅಲ್ಲಿ. ಮೇಣ ಸೋಯಾ ಆಗಲಿ ಪ್ಯಾರಾಫಿನ್ ಆಗಲಿ, ಡಬ್ಬ ಎಷ್ಟು ಚೆಂದವಿರಲಿ, ಬತ್ತಿ ಡಬ್ಬದ ಅಗಲಕ್ಕೆ ಸರಿಯಾಗಿಲ್ಲದಿದ್ದರೆ ಬರೀ ಶೋಕಿ. ತೆಳುವಾದರೆ ಬಾವಿ, ದಪ್ಪ ಜಾಸ್ತಿಯಾದರೆ ಹೊಗೆ ಮತ್ತು ಮಸಿ. ಮೊದಲ ಸಲ ಹಚ್ಚಿದಾಗ ಮೇಣ ಅಂಚಿನವರೆಗೆ ಕರಗುವ ತನಕ ಆರಿಸಬಾರದು, ನಮ್ಮ ಡಬ್ಬಕ್ಕೆ ಎರಡೂವರೆ ಗಂಟೆ ಹಿಡಿಯಿತು. ಪ್ರತಿ ಸಲ ಹಚ್ಚುವ ಮೊದಲು ಬತ್ತಿಯನ್ನು ಅರ್ಧ ಸೆಂಟಿಮೀಟರಿನಷ್ಟು ಬಿಟ್ಟು ಕತ್ತರಿಸಬೇಕು.

ಅಲ್ಲಿನ ಬಿಲ್ಲು ಹೀಗಿತ್ತು: ಸೋಯಾ ಮೇಣ ಒಂದು ಕಿಲೋ 380, 50 ಎಂ.ಎಲ್. ಎಣ್ಣೆ ಎರಡು ಬಾಟಲಿಗೆ 440, ಬತ್ತಿ ಹತ್ತಕ್ಕೆ 40. ಒಟ್ಟು 860. ಕಿಟ್ಟಿನ ದುಪ್ಪಟ್ಟು ಮೇಣ, ಐದು ಪಟ್ಟು ಎಣ್ಣೆ. ಡಬ್ಬ ಇಲ್ಲ ಅನ್ನುವುದೊಂದೇ ಕೊರತೆ, ಅದು ಮನೆಯಲ್ಲೇ ಸಿಗುತ್ತದೆ. ತೆಳು ಗಾಜಿನ ಲೋಟ ಮಾತ್ರ ಬೇಡ, ನಮ್ಮದೊಂದು ಚಟ್ಟನೆ ಒಡೆಯಿತು. ಅಂಗಡಿಯಲ್ಲೂ ಕೊರತೆ ಇಲ್ಲ ಅಂತಲ್ಲ. ಎಣ್ಣೆ ಬಾಟಲಿಗೆ ಕೈಯಲ್ಲಿ ಬರೆದ ಚೀಟಿ ಅಂಟಿಸಿರುತ್ತಾರೆ, ಕಾರ್ಡ್ ತೆಗೆದುಕೊಳ್ಳುವುದಿಲ್ಲ, ಗಾಡಿ ನಿಲ್ಲಿಸುವ ಜಾಗದ ಬಗ್ಗೆ ಮಾತಾಡದಿರುವುದೇ ಒಳ್ಳೆಯದು.

ಎರಡನೇ ಸಲ ಪಾಲಿಸಿದ್ದು ಅಂಗಡಿಯವರ ಮಾತು. ಹಾಳಾದ ನಾಲ್ಕನ್ನೂ ಮತ್ತೆ ಕರಗಿಸಿ ಬತ್ತಿ ಬದಲಿಸಿದೆವು. ಸುಮಾರು 80 ಡಿಗ್ರಿಗೆ ಕಾಯಿಸಿ, ಒಲೆಯಿಂದ ಇಳಿಸಿ, ಎಣ್ಣೆ ಹಾಕಿ ಎರಡು ನಿಮಿಷ ನಿಧಾನಕ್ಕೆ ಕಲಸಿ, 55–60ಕ್ಕೆ ಇಳಿದ ಮೇಲೆ ಹೊಯ್ಯುವುದು. ಥರ್ಮಾಮೀಟರ್ 250 ರೂಪಾಯಿಗೆ ಬೇರೆ ತರಿಸಿದೆ. ಮೇಣ ಎಷ್ಟು ಬೇಕು ಅಂತ ತಿಳಿಯಲು ಸುಲಭದ ದಾರಿ ಇದೆ. ಮೇಣ ಹೊಯ್ಯುವ ಪಾತ್ರೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ ನೋಡಿ, 100 ಎಂ.ಎಲ್. ನೀರಿನ ಜಾಗಕ್ಕೆ ಸುಮಾರು 90 ಗ್ರಾಂ ಮೇಣ ಸಾಕು. ಆಮೇಲೆ ಹನಿ ನೀರೂ ಉಳಿಯದ ಹಾಗೆ ಒರೆಸಿ. ಮುಚ್ಚಿಟ್ಟು ಒಂದು ವಾರ, ಸಾಧ್ಯವಾದರೆ ಎರಡು ವಾರ ಮುಟ್ಟಬೇಡಿ, ಸೋಯಾ ಮೇಣದಲ್ಲಿ ಪರಿಮಳ ಕೂರಲು ಅಷ್ಟು ಸಮಯ ಬೇಕು. ಮರುದಿನವೇ ಹಚ್ಚಿ ಅಂದ ಆ ಕಾರ್ಡನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಡಬ್ಬ ಸಾಲದ್ದಕ್ಕೆ ತೆಂಗಿನ ಗೆರಟೆ (ಕರಟ) ಹಿಡಿದೆವು. ಗಂಡ ಕೊನೆಗೂ ಕೈ ಹಚ್ಚಿದ್ದು ಇಲ್ಲೇ, ನಾರು ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿ ಮಿಂಚುವ ಹಾಗೆ ಮಾಡಿಕೊಟ್ಟರು. ಕಣ್ಣು ಇರುವ ಅರ್ಧ ಬೇಡ, ಮೆದು ಕಣ್ಣಿನಲ್ಲಿ ಮೇಣ ಸೋರಿ ನೆಲವೆಲ್ಲ ಆಗುತ್ತದೆ (ಆಯಿತು). ಅಡಿ ಉರುಟಾಗಿರುವುದರಿಂದ ಕೂರುವುದಿಲ್ಲ, ಅದಕ್ಕೆ ಮಗಳು ನನ್ನ ಹಳೆ ಲೋಹದ ಬಳೆಗಳನ್ನು ಅಡಿಗೆ ಇಟ್ಟಳು, ಎಷ್ಟು ಸರಿ ಕೂತಿತು ಅಂದರೆ ಯಾರೋ ಅಳತೆ ಕೊಟ್ಟು ಮಾಡಿಸಿದ ಹಾಗೆ. ಗೆರಟೆ ಹೊತ್ತಿಕೊಳ್ಳುವ ವಸ್ತು, ನೆನಪಿರಲಿ. ಬತ್ತಿ ನಟ್ಟನಡುವೆಯೇ ಇರಬೇಕು, ಅಡಿಗೆ ಸ್ಟೀಲ್ ತಟ್ಟೆ ಇಡಬೇಕು, ಹಚ್ಚಿ ಬಿಟ್ಟು ಹೋಗಬಾರದು, ಮೇಣ ಒಂದು ಬೆರಳಷ್ಟು ಉಳಿದಿರುವಾಗಲೇ ಆರಿಸಿಬಿಡಬೇಕು. ಎಲ್ಲವನ್ನೂ ಅಡಿಕೆ ಹಾಳೆಯ ತಟ್ಟೆಯಲ್ಲಿಟ್ಟು ಬಾಳೆ ನಾರಿನಲ್ಲಿ ಕಟ್ಟಿದೆವು. ಪ್ಯಾಕಿಂಗಿಗೆ ಇಪ್ಪತ್ತು ರೂಪಾಯಿ ಆಗಿರಬಹುದು.

ನಾದಿನಿಗೆ ಕೊಟ್ಟದ್ದು ಬೆಂಗಳೂರು ತಲುಪಲೇ ಇಲ್ಲ. ದಾರಿಯಲ್ಲಿ ಮಧ್ಯಾಹ್ನ ಊಟಕ್ಕೆ ಅಂತ ಕಾರನ್ನು ಬಿಸಿಲಲ್ಲಿ ನಿಲ್ಲಿಸಿದ್ದಾರೆ, ಬಂದು ನೋಡಿದರೆ ಪಾಯಸ. ಸೋಯಾ ಮೇಣ 50 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ಮುಚ್ಚಿದ ಕಾರಿನೊಳಗೆ ಅಷ್ಟು ಬಿಸಿ ಆಗಲು ಹೆಚ್ಚು ಹೊತ್ತು ಬೇಡ. ದೂರ ಕಳಿಸುವುದಾದರೆ ರಾತ್ರಿ ಬಸ್ಸಿನಲ್ಲಿ ಕೈಯಲ್ಲಿ ಕೊಟ್ಟು ಕಳಿಸಿ.

ಅಮ್ಮನದ್ದು ಬೇರೆಯೇ. ಅವರು ಉಡುಪಿ ಹತ್ತಿರದ ಕಟಪಾಡಿ ಕಡೆಯವರು, ಶಂಕರಪುರ ಮಲ್ಲಿಗೆಯ ಗಿಡಗಳ ನಡುವೆ ಬೆಳೆದವರು. ನಸುಕಿಗೇ ಎದ್ದು ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಲೆಕ್ಕ ಹಾಕಿ ಹೂವು ಕೊಳ್ಳುವ ಕಟ್ಟೆಗೆ ಕೊಟ್ಟು ಬಂದ ಕೈ. ಅಂಥವರಿಗೆ ನಾನು ಬುದ್ಧಿ ಇಲ್ಲದೆ ಕಿಟ್ಟಿನ ಮಲ್ಲಿಗೆ ಎಣ್ಣೆಯ ಕ್ಯಾಂಡಲ್ ಕೊಟ್ಟೆ. ಮುಚ್ಚಳ ತೆಗೆದರು, ಮೂಸಿದರು, ಮುಚ್ಚಳ ಹಾಕಿದರು.

"ಇದಕ್ಕೆ ಮಲ್ಲಿಗೆ ಅಂತ ಹೇಳಿದ್ದು ಯಾರು?"

"ಬಾಟಲಿಯಲ್ಲಿ ಬರ್ದಿದೆ ಅಮ್ಮ."

"ಬರೀಲಿಕ್ಕೆ ಎಂತ, ಯಾರಿಗೂ ಬರೀಬಹುದು. ಇದು ಪೌಡರಿನ ವಾಸನೆ. ಮತ್ತೆ ಇದು ಎಂತಕ್ಕೆ, ಕರೆಂಟು ಹೋದಾಗ ಹೊತ್ತಿಸ್ಲಿಕ್ಕಾ?"

ಅಲ್ಲಮ್ಮ, ಸುಮ್ನೆ ಪರಿಮಳಕ್ಕೆ ಅಂದೆ. ಸುಮ್ನೆ ಯಾಕೆ ಹೊತ್ತಿಸುವುದು ಅಂತ ಅವರಿಗೆ ಕಡೆಗೂ ಅರ್ಥ ಆಗಲಿಲ್ಲ. ಅದನ್ನು ವಾಪಸು ತಂದು, ಬದಲಿಗೆ ಅಂಗಡಿಯಿಂದ ತಂದ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ ಹಾಕಿದ ಗೆರಟೆಯದ್ದು ಕೊಟ್ಟೆ. ಸೊಳ್ಳೆ ಓಡುತ್ತದೆ ಅಂತ ಅಂಗಡಿಯವರು ಹೇಳಿದ್ದರು, ನಮ್ಮ ಮನೆಯ ಸೊಳ್ಳೆಗಳಿಗೆ ಆ ಸುದ್ದಿ ಮುಟ್ಟಿದ ಹಾಗಿಲ್ಲ.

ಕಿಟ್ಟಿಗೆ ಐದಕ್ಕೆ ಎರಡು, ಅದೂ ಡಬ್ಬ ಮತ್ತು ಜಗ್ಗಿಗೆ. ಅಂಗಡಿಗೆ ನಾಲ್ಕೂವರೆ, ಉಳಿದ ಅರ್ಧ ಪಾರ್ಕಿಂಗಿಗೆ ಕಡಿತ.

ಮೊನ್ನೆ ಸಂಜೆ ಗುಡುಗು ಮಳೆಗೆ ಕಟಪಾಡಿ ಕಡೆಯೆಲ್ಲ ಕರೆಂಟು ಹೋಗಿತ್ತಂತೆ. ಅಮ್ಮ ಫೋನ್ ಮಾಡಿದ್ದರು. "ಗೆರಟೆಯದ್ದು ಹೊತ್ತಿಸಿದೆ, ಒಳ್ಳೆ ಬೆಳಕು ಉಂಟು. ಪರಿಮಳ ಹಾಕದ್ದು ಇನ್ನೆರಡು ಮಾಡಿ ಕೊಡು."